ಸಿದ್ದರಾಜು ಕೊಡಿಸಿದ ಫ್ಯಾನು

ಮಕ್ಕಳನ್ನು ಯಾವ ಕಾಲೇಜಿಗೆ ಸೇರಿಸಬೇಕು ಅಂತ ಹೇಳುವವರು ಪಾಂಡವಪುರದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೂ ಸಿದ್ದರಾಜು ಮಗಳು ಮೇಘನಳನ್ನೂ ತನ್ನ ತಾಯಿ ಸೋಮಮ್ಮನನ್ನೂ ಕರೆದುಕೊಂಡು ನಮ್ಮ ಪಟ್ಟಲದಮ್ಮನ ಗುಡಿಗೆ ಬಂದ. ನಾನು ಅಲ್ಲಿಯ ಪೂಜಾರಿ, ಕುಳ್ಳಯ್ಯ. ಅವನು ಬಂದದ್ದು ಹೂವು ಕೇಳುವುದಕ್ಕೆ.

ಹೆಣ್ಣು ತರಲಿ, ಬೋರ್‌ವೆಲ್ ಕೊರೆಸಲಿ, ನಮ್ಮ ಕಡೆ ಅಮ್ಮನ ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿ ಕಾಯುತ್ತೇವೆ. ಯಾವ ಕಡೆಯದು ಮೊದಲು ಬೀಳುತ್ತದೋ ಅದೇ ತೀರ್ಮಾನ.

ಮೇಘನ ಆಗಷ್ಟೇ ಪಿಯುಸಿ ಮುಗಿಸಿದ್ದಳು. ಸೈನ್ಯದಲ್ಲಿ ಆಫೀಸರ್ ಆಗಬೇಕು ಅನ್ನುವುದು ಅವಳ ಹಟ. ಮೈಸೂರಿನಲ್ಲಿ ಎನ್‌ಸಿಸಿ ಇರುವ ಕಾಲೇಜಿನಲ್ಲಿ ಡಿಗ್ರಿ, ಆಮೇಲೆ ಸೈನ್ಯದ ಪರೀಕ್ಷೆ ಅಂತ ದಾರಿಯನ್ನೂ ಹುಡುಕಿಟ್ಟಿದ್ದಳು. ಸಿದ್ದರಾಜುವಿಗೆ ಇಂಜಿನಿಯರಿಂಗೇ ಆಗಬೇಕು. “ಮೊದ್ಲು ಇಂಜಿನಿಯರಿಂಗ್ ಮಾಡ್ಲಿ, ಮಿಲಿಟ್ರಿ ಆಮೇಕ್ ನೋಡನ” ಎನ್ನುತ್ತಿದ್ದ. ಆ ‘ಆಮೇಲೆ’ ಅನ್ನುವುದರಲ್ಲಿ ಮದುವೆ ಕೂತಿದೆ ಅಂತ ನನಗೇ ಗೊತ್ತು, ಅವಳಿಗೆ ಗೊತ್ತಾಗುವುದಿಲ್ಲವೇ?

ಅಮ್ಮನ ಬಲಗಡೆ ಇಂಜಿನಿಯರಿಂಗು, ಎಡಗಡೆ ಡಿಗ್ರಿ ಅಂತಾಯಿತು. ನಾನು ಹೂವು ನೆನೆಸುತ್ತಿರುವಾಗ ಸಿದ್ದರಾಜು ಕಿವಿಯ ಹತ್ತಿರ ಬಂದ.

“ಕುಳ್ಳಯ್ಯಣ್ಣ, ಎಡಗಡೇದ್ನ ವಸಿ ಗಟ್ಟಿಯಾಗಿ ಅಂಟ್ಸು.”

ನನಗೆ ಮೈಯೆಲ್ಲ ಉರಿದುಹೋಯಿತು. “ಅಂಗಾದ್ರೆ ನೀನೇ ಅಂಟ್ಸ್ಕೊಳ್ಲಾ. ಅಮ್ಮ ಯಾಕೆ, ನಾನ್ಯಾಕೆ?” ಎಂದೆ. ಅವನು ಹೋಗಿ ಮಗಳ ಪಕ್ಕ ನಿಂತ.

ಹೂವು ಅಂಟಿಸಿ ಕಾದೆವು. ಎರಡೂ ಅಲ್ಲಾಡಲಿಲ್ಲ. ಸಿದ್ದರಾಜು ಕೂತ, ಎದ್ದ, ಬೆವರು ಒರೆಸಿಕೊಂಡ. “ಬಿರ್ನೆ ಕೊಡವ್ವ, ಡೈರಿಗೆ ಆಲು ಆಕ್ಬೇಕು” ಎಂದು ಅಮ್ಮನಿಗೇ ಅವಸರ ಮಾಡಿದ. ಸೋಮಮ್ಮ ಕಂಬಕ್ಕೆ ಒರಗಿ ತೂಕಡಿಸತೊಡಗಿದಳು. ಮೇಘನ ಮಾತ್ರ ನಿಂತಲ್ಲೇ ನೆಟ್ಟಗೆ ನಿಂತಿದ್ದಳು. ಮೂಗಿನ ಮೇಲೆ ನೊಣ ಕೂತರೂ ಕೈ ಎತ್ತಲಿಲ್ಲ.

ಸೆಕೆ ತಡೆಯಲಾರದೆ ಸಿದ್ದರಾಜು ಗೋಡೆಯ ಫ್ಯಾನು ಹಾಕಿದ. ಹೋದ ವರ್ಷ ಅವನೇ ಗುಡಿಗೆ ಕೊಡಿಸಿದ್ದು; ಅದರ ಮೇಲೆ ಅಮ್ಮನ ಹೆಸರಿಗಿಂತ ದಪ್ಪಗೆ ತನ್ನ ಹೆಸರು ಬರೆಸಿದ್ದಾನೆ. ರೆಕ್ಕೆ ತಿರುಗಿದ್ದೇ ತಡ, ಎಡಗಡೆಯ ಹೂವು ಬಿತ್ತು.

“ಇದು ಫ್ಯಾನ್ ಗಾಳಿಗೆ ಬಿದ್ದಿರಾದು. ಲೆಕ್ಕಕ್ಕಿಲ್ಲ” ಎಂದ ಸಿದ್ದರಾಜು.

ಸೋಮಮ್ಮ ಕಣ್ಣು ಬಿಟ್ಟಳು. “ಫ್ಯಾನ್ ಕೊಡ್ಸ್ದೋನು ಯಾರ್ಲಾ? ಈಗ ಆಕ್ದೋನು ಯಾರು? ಅಮ್ಮ ನಿನ್ ಕೈಲೇ ಮಾಡ್ಸವ್ಳೆ.”

ನನ್ನ ಮಟ್ಟಿಗೆ ವ್ಯವಹಾರ ಮುಗಿದಿತ್ತು. ಸಂತೋಷವಾಗಿ ಮಂಗಳಾರತಿ ತಟ್ಟೆಗೆ ಕೈ ಹಾಕಿದೆ. ಆಗ ಮೇಘನ ಬಾಯಿ ಬಿಟ್ಟಳು.

“ಇಲ್ಲ ಕಣಜ್ಜಿ, ಅಪ್ಪ ಏಳೋದೇ ಸರಿ. ಗಾಳಿಗೇ ಬಿದ್ದಿದ್ದು. ಕುಳ್ಳಯ್ಯ ದೊಡ್ಡಪ್ಪ, ಫ್ಯಾನ್ ಆಫ್ ಮಾಡಿ ಇನ್ನೊಂದ್ಸಲ ಅಂಟ್ಸಿ.”

ಕೈಗೆ ಬಂದದ್ದನ್ನು ಹೀಗೆ ಬಿಡುತ್ತಾರೆಯೇ? “ಸುಮ್ಕಿರವ್ವ” ಎಂದು ಗದರಿದೆ. ಅವಳು ಕೇಳಲಿಲ್ಲ.

“ಬಲಗಡೇದು ಬಿದ್ರೆ?” ಎಂದ ಸಿದ್ದರಾಜು.

“ಇಂಜಿನಿಯರಿಂಗ್ ಸೇರ್ತೀನಪ್ಪ.” ನಿಂತ ನಿಲುವು ಹಾಗೇ ಇತ್ತು, ದನಿ ಮಾತ್ರ ಒಡೆಯಿತು.

ಸಿದ್ದರಾಜು ಮಗಳನ್ನೇ ನೋಡುತ್ತ ಹೋಗಿ ಫ್ಯಾನು ನಿಲ್ಲಿಸಿದ. ನಾನು ಮತ್ತೆ ಹೂವು ನೆನೆಸಿ ಅಮ್ಮನ ಕಡೆ ತಿರುಗಿದೆ. ಹಿಂದಿನಿಂದ ಯಾರೋ ಅಂಗವಸ್ತ್ರ ಎಳೆದರು. ಅವನೇ. ಮಗಳಿಗೆ ಕೇಳಿಸದ ಹಾಗೆ ಪಿಸುಗುಟ್ಟಿದ:

“ಅಣ್ಣ, ಎಡಗಡೇದ್ನ ವಸಿ ಸಡ್ಲವಾಗಿ ಅಂಟ್ಸು.”

ಈ ಸಲ ನಾನು ಬೈಯಲಿಲ್ಲ.