ಉಸಿರಕ್ಕ ಸಹಿ ಹಾಕದ ಎರಡು ಕಾಗದ

೧

ಎಲ್ಲಿಂದ ಶುರುಮಾಡಲಿ? ಗಂಟಿನಿಂದಲೇ? ಮೊದಲ ಡ್ರಾಫ್ಟ್ ಹಾಗೇ ಇತ್ತು: "ಕನ್ನಡಿಯ ಮುಂದೆ ನಿಂತವಳ ಕೈ ಗಂಟಲ ಬಳಿ ತಡೆಯಿತು." ಓದಿದ ಕೂಡಲೇ ನನ್ನ ಪಾತ್ರ ಮುಖ ಸಿಂಡರಿಸಿದಳು. ಗಂಟನ್ನು ಕಂಡುಹಿಡಿದದ್ದು ಕನ್ನಡಿಯಲ್ಲ, ಟೈಲರ್ ಆಗಿರುವ ತನ್ನ ತಂಗಿ ಎಂದಳು. ಹೊಸ ಅಂಗಿಗೆ ಕುತ್ತಿಗೆಯ ಅಳತೆ ತೆಗೆಯುವಾಗ ಟೇಪು ಒಂದು ಬದಿಯಲ್ಲಿ ಉಬ್ಬಿ ನಿಂತಿತಂತೆ.

(ಡ್ರಾಫ್ಟ್ ಹರಿದೆ. ಪಾತ್ರಗಳು ಲೇಖಕನಿಗಿಂತ ಚೆನ್ನಾಗಿ ಕಥೆ ಹೇಳುವುದು ಹೊಟ್ಟೆ ಉರಿಯುವ ಸಂಗತಿ.)

೨

ಆಕೆ ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಇಪ್ಪತ್ತಾರು ವರ್ಷದಿಂದ ಎಕ್ಸ್‌ರೇ ತೆಗೆಯುತ್ತಾಳೆ. ದಿನವಿಡೀ "ಉಸಿರು ಹಿಡ್ಕೊಳ್ಳಿ... ಹಾಂ, ಬಿಡಿ" ಎನ್ನುವುದರಿಂದ ಎಲ್ಲರ ಬಾಯಲ್ಲಿ ಉಸಿರಕ್ಕ. ಎರಡನೇ ಡ್ರಾಫ್ಟಿನಲ್ಲಿ ನಾನು ಅವಳ ಯಂತ್ರದಿಂದ ನೀಲಿ ಬೆಳಕು ಚಿಮ್ಮಿಸಿದ್ದೆ. ಬೆಳಕೂ ಇಲ್ಲ, ಗಿಳಕೂ ಇಲ್ಲ, ಟಕ್ ಅಂತ ಒಂದು ಸದ್ದು ಅಷ್ಟೇ ಎಂದು ನಕ್ಕಳು. ಅಳಿಸಿದೆ.

ಕಣ್ಣಿಗೆ ಕಾಣದ ಆ ವಿಕಿರಣವನ್ನು ತಡೆಯಲು ಸೀಸದ ಏಪ್ರನ್‌ಗಳಿದ್ದವು. ಕುತ್ತಿಗೆಗೆ ಕಟ್ಟುವ ಸೀಸದ ಪಟ್ಟಿ ಮಾತ್ರ ಒಂದೇ. ಅಳುವ ಮಗುವನ್ನು ಹಿಡಿದು ನಿಲ್ಲುವ ತಾಯಿಗೆ ಅದನ್ನು ಕಟ್ಟಿ ಉಸಿರಕ್ಕ ಗೋಡೆಯ ಮರೆಗೆ ಹೋಗುತ್ತಿದ್ದಳು. ತಾಯಿಯೊಬ್ಬಳಿಂದಲೇ ಹಿಡಿಯಲಾಗದಿದ್ದರೆ ಹೋಗುತ್ತಿರಲಿಲ್ಲ, ತಾನೂ ಮಗುವಿನ ಭುಜ ಹಿಡಿಯುತ್ತಿದ್ದಳು. ಹಾಗೆ ಎಷ್ಟು ಸಲ ನಿಂತಳೋ, ನೆನಪಿಟ್ಟಿಲ್ಲ.

೩

ಗಂಟು ಥೈರಾಯ್ಡ್ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ ಮಾಡಿ ಅರ್ಧ ಗ್ರಂಥಿ ತೆಗೆದರು.

(ಕಣ್ಣೀರಿಗೆಂದು ಒಂದು ಪುಟ ಕಾದಿರಿಸಿದ್ದೆ. ಅವಳು ಅತ್ತದ್ದು ಒಂದೇ ಸಲ. ಆಪರೇಷನ್‌ಗೆ ಮುಂಚೆ ಎದೆಯ ಎಕ್ಸ್‌ರೇ ತೆಗೆಯುವಾಗ, ತಾನೇ ಕೆಲಸ ಕಲಿಸಿದ ಹುಡುಗಿ ತನ್ನದೇ ದನಿಯಲ್ಲಿ "ಉಸಿರು ಹಿಡ್ಕೊಳ್ಳಿ" ಎಂದಾಗ. ಚಿತ್ರ ಅಲ್ಲಾಡಿಹೋಗಿ ಇನ್ನೊಮ್ಮೆ ತೆಗೆಯಬೇಕಾಯಿತು.)

ಹೊಲಿಗೆ ಬಿಚ್ಚುವ ದಿನ ಡಾಕ್ಟರಮ್ಮನನ್ನು ಕೇಳಿದಳು: ಇದು ನನ್ನ ಕೆಲಸದಿಂದ ಬಂತಾ?

"ಬಂದಿರಬಹುದು, ಬರದೇನೂ ಇರಬಹುದು" ಎಂದರು ಡಾಕ್ಟರಮ್ಮ. "ಚಿಕ್ಕ ವಯಸ್ಸಲ್ಲಿ ಜಾಸ್ತಿ ವಿಕಿರಣ ತಗುಲಿದ್ರೆ ಅಪಾಯ ಅನ್ನೋದು ಗಟ್ಟಿ ಮಾತು. ದೊಡ್ಡವರಾದ ಮೇಲೆ, ನಿಮ್ಮ ಹಾಗೆ ವರ್ಷಗಟ್ಟಲೆ ಚೂರು ಚೂರು ತಗುಲಿದ್ರೆ ಏನು ಅನ್ನೋದನ್ನ ಅಷ್ಟು ಗಟ್ಟಿಯಾಗಿ ಹೇಳೋಕಾಗಲ್ಲ."

ಈ ಕಾಯಿಲೆ ಹೆಚ್ಚುತ್ತಿರುವುದು ನಿಜ, ಆದರೆ ಈಗ ಸ್ಕ್ಯಾನಿಂಗ್ ಹೆಚ್ಚಾಗಿ, ಮೊದಲು ಯಾರ ಕಣ್ಣಿಗೂ ಬೀಳದಿದ್ದ ಪುಟ್ಟ ಪುಟ್ಟ ಗಂಟುಗಳೂ ಸಿಗುತ್ತಿವೆ ಎಂದೂ ವಿವರಿಸಿದರು.

೪

ಇಲ್ಲಿಯವರೆಗೆ ನನ್ನ ಕಥೆ ನೆಟ್ಟಗೇ ನಡೆಯುತ್ತಿತ್ತು. ಹಾಳುಮಾಡಿದ್ದು ತಂಗಿ.

ಉಸಿರಕ್ಕ ಹಟ ಹಿಡಿದು ಅವಳ ಕುತ್ತಿಗೆಗೂ ಸ್ಕ್ಯಾನ್ ಮಾಡಿಸಿದಳು. ನಾಲ್ಕು ಮಿಲಿಮೀಟರಿನ ಗಂಟು, ಪರೀಕ್ಷೆಯಲ್ಲಿ ಅದೇ ಕಾಯಿಲೆ. ಹೊಲಿಗೆ ಯಂತ್ರ ಬಿಟ್ಟು ಬೇರೆ ಯಂತ್ರದ ಹತ್ತಿರ ಸುಳಿಯದವಳು. ಇಷ್ಟು ಚಿಕ್ಕದನ್ನು ಈಗಲೇ ಕತ್ತರಿಸುವುದು ಬೇಡ, ಆರು ತಿಂಗಳಿಗೊಮ್ಮೆ ನೋಡುತ್ತಿರೋಣ ಎಂದರು ಡಾಕ್ಟರಮ್ಮ. ತಂಗಿ ಒಪ್ಪಿದಳು. ಒಪ್ಪಲು ಒದ್ದಾಡಿದ್ದು ಅಕ್ಕ. ಎರಡು ವಾರ ಊಟ ಸೇರಲಿಲ್ಲ, ತಂಗಿಯ ಕುತ್ತಿಗೆ ನೋಡುತ್ತಲೇ ಕೂತಿರುತ್ತಿದ್ದಳು. ಕಡೆಗೆ ತಂಗಿಯೇ, "ಅಕ್ಕ, ಹೀಗೆ ನೋಡ್ತಿದ್ರೆ ನಾನು ಸ್ಕಾರ್ಫ್ ಹೊಲ್ಕೊಂಡು ಹಾಕ್ಕೊಳ್ತೀನಿ" ಎಂದು ಗದರಿದಳು.

೫

ಅಷ್ಟರಲ್ಲಿ ಎರಡು ಕಾಗದ ಬಂದವು. ಆಡಳಿತಾಧಿಕಾರಿಯದು: "ನನ್ನ ಕಾಯಿಲೆಗೂ ಕೆಲಸಕ್ಕೂ ಸಂಬಂಧವಿಲ್ಲ." ಪರಿಹಾರಕ್ಕೆ ಕೇಸು ಹಾಕಲು ಹೊರಟ ನೌಕರರ ಸಂಘದ ಕಾರ್ಯದರ್ಶಿಯದು: "ನನ್ನ ಕಾಯಿಲೆ ಕೆಲಸದಿಂದಲೇ ಬಂದದ್ದು." ಎರಡರ ಕೆಳಗೂ ಅವಳ ಸಹಿಗೆ ಜಾಗ.

ಎರಡನೆಯದಕ್ಕೆ ಹಾಕಿಬಿಡು ಎಂದು ದುಂಬಾಲು ಬಿದ್ದೆ. ಹೋರಾಟ, ಕೋರ್ಟು, ಖಳನಾಯಕ, ಎಲ್ಲ ರೆಡಿ ಇತ್ತು.

"ನಿಮಗೆ ಖಳನಾಯಕ ಬೇಕು. ನನಗೆ ಪಟ್ಟಿ ಬೇಕು" ಎಂದಳು.

ಒಂದು ಶನಿವಾರ ಮಧ್ಯಾಹ್ನ, ರೋಗಿಗಳು ಖಾಲಿಯಾದ ಮೇಲೆ, ಅಲ್ಲಿದ್ದ ಏಪ್ರನ್‌ಗಳನ್ನೂ ಆ ಒಂಟಿ ಪಟ್ಟಿಯನ್ನೂ ಮೇಜಿನ ಮೇಲೆ ಹಾಸಿ ಎಕ್ಸ್‌ರೇ ತೆಗೆದಳು. ಮೂರು ಏಪ್ರನ್‌ಗಳಲ್ಲಿ ಸೀಸ ಬಿರುಕು ಬಿಟ್ಟ ಕಡೆ ಕಪ್ಪು ಗೆರೆಗಳು ಕಂಡವು. ಪಟ್ಟಿಯಲ್ಲೂ ಒಂದು, ನಟ್ಟನಡುವೆ. ಅದನ್ನು ನೋಡಿ ಅವಳು ಸ್ವಲ್ಪ ಹೊತ್ತು ಸ್ಟೂಲಿನ ಮೇಲೆ ಕೂತಳು. ಅದನ್ನು ಕಟ್ಟಿಸಿಕೊಂಡ ತಾಯಂದಿರೆಲ್ಲ ನೆನಪಾದರು. ಆಮೇಲೆ ಎದ್ದು ಆಡಳಿತಾಧಿಕಾರಿಗೆ ತನ್ನದೇ ಕಾಗದ ಬರೆದಳು:

"ನನಗೆ ಕಾಯಿಲೆ ಎಲ್ಲಿಂದ ಬಂತೋ ಗೊತ್ತಿಲ್ಲ. ಗೊತ್ತಿಲ್ಲದ ಕಾರಣಕ್ಕೇ, ಈ ಕೋಣೆಯಲ್ಲಿ ನಿಲ್ಲುವ ಪ್ರತಿಯೊಬ್ಬರ ಕುತ್ತಿಗೆಗೂ ಬಿರುಕಿಲ್ಲದ ಪಟ್ಟಿ ಬೇಕು."

ಜೊತೆಗೆ ಫಿಲ್ಮುಗಳು. ಆಡಳಿತಾಧಿಕಾರಿ ಅವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು. ಕೇಸು ನೀರಾಯಿತೆಂದು ಕಾರ್ಯದರ್ಶಿ ಒಂದು ತಿಂಗಳು ಮಾತು ಬಿಟ್ಟರು. ಎರಡು ತಿಂಗಳಿಗೆ ಒಂಬತ್ತು ಹೊಸ ಪಟ್ಟಿಗಳೂ ನಾಲ್ಕು ಏಪ್ರನ್‌ಗಳೂ ಬಂದವು. ಮೊದಲ ಪಟ್ಟಿ ಕಟ್ಟಿಕೊಂಡು ಕನ್ನಡಿ ನೋಡಿಕೊಂಡವರು ಕಾರ್ಯದರ್ಶಿಯೇ.

ಉಸಿರಕ್ಕ ಆ ಸಂಜೆ ಮನೆಗೆ ನಡೆದೇ ಹೋದಳು. ಸುಮ್ಮನೆ, ಖುಷಿಗೆ.

೬

ಇನ್ನು ಮುಕ್ತಾಯ. ಮೂರು ಬರೆದಿದ್ದೇನೆ. ಒಂದರಲ್ಲಿ ತಂಗಿಯ ಗಂಟು ಬೆಳೆಯುತ್ತದೆ. ಇನ್ನೊಂದರಲ್ಲಿ ಬೆಳೆಯುವುದಿಲ್ಲ. ಮೂರನೆಯದರಲ್ಲಿ ಇಪ್ಪತ್ತು ವರ್ಷದ ನಂತರ ವಿಜ್ಞಾನಿಗಳು ಕಾರಣವನ್ನು ಪಕ್ಕಾ ಮಾಡುತ್ತಾರೆ. (ಅದಕ್ಕೆ ನನ್ನ ಆಯಸ್ಸು ಸಾಲಬೇಕು.) ಉಸಿರಕ್ಕ ಮೂರನ್ನೂ ಓದಿ, ಕಾಗುಣಿತದ ಎರಡು ತಪ್ಪು ತಿದ್ದಿ ವಾಪಸ್ಸು ಕೊಟ್ಟಳು.

ಇವತ್ತು ತಂಗಿಯ ಆರು ತಿಂಗಳ ಸ್ಕ್ಯಾನ್. ಈಗಷ್ಟೇ ಕುತ್ತಿಗೆಯ ಜೆಲ್ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಒಳಗೆ ಸ್ಕ್ಯಾನ್ ಮಾಡಿದವರ ಕೋಟಿನ ಗುಂಡಿ ಒಂದೇ ದಾರದಲ್ಲಿ ನೇತಾಡುತ್ತಿತ್ತು, ಮಲಗಿದ್ದಷ್ಟು ಹೊತ್ತೂ ಅದೇ ಯೋಚನೆ ಎಂದಳು. ರಿಪೋರ್ಟಿಗೆ ಒಂದು ಗಂಟೆ ಆಗುತ್ತದಂತೆ.

ಕಾಯೋಣ, ಓದುಗರಿಗೆ ಗೊತ್ತಾಗಬೇಕಲ್ಲ ಎಂದೆ.

"ನೀವು ಕಾಯ್ತಿರಿ" ಎಂದಳು ಉಸಿರಕ್ಕ. "ನಮಗೆ ಹಸಿವಾಗಿದೆ."

ಇಬ್ಬರೂ ಕ್ಯಾಂಟೀನಿಗೆ ಹೋದರು. ಬೆಂಚಿನ ಮೇಲೆ ನಾನೊಬ್ಬನೇ. ಕಾರಿಡಾರಿನ ಆ ತುದಿಯಿಂದ ಅಕ್ಕತಂಗಿಯರ ನಗು ಕೇಳಿಸುತ್ತಿದೆ. ಯಾವುದಕ್ಕೆ ನಗುತ್ತಿದ್ದಾರೋ ಇಲ್ಲಿಗೆ ಕೇಳಿಸುವುದಿಲ್ಲ.