ಮುರಿಗೆವ್ವನ ಹಲ್ಲಿನ ಸೆಟ್ಟು

ನನ್ನ ಹೆಂಡತಿ ಮುರಿಗೆವ್ವ ತೀರಿಕೊಂಡ ಮೇಲೆ ಅವಳ ಹಲ್ಲಿನ ಸೆಟ್ಟು ಕೊಡಲು ಧಾರವಾಡದ ಹಲ್ಲಿನ ಆಸ್ಪತ್ರೆಗೆ ಹೋದೆ. ಕಟ್ಟಿಸಿದ ಹಲ್ಲು ಎಷ್ಟು ಸವೆಯುತ್ತದೆ, ಹಾಕಿಕೊಂಡವರಿಗೆ ಹಿತವಾಗುತ್ತದೋ ಇಲ್ಲವೋ ಎಂದು ಡಾಕ್ಟರ್ ಚಿನ್ಮಯೀ ಸಂಶೋಧನೆ ನಡೆಸಿದ್ದರು. ಮುರಿಗೆವ್ವನಿಗೆ ಈ ಸೆಟ್ಟು ಮಾಡಿಕೊಟ್ಟವರೂ ಅವರೇ.

ಅವರು ಅದನ್ನು ಯಂತ್ರದ ಕೆಳಗಿಟ್ಟು ಬಹಳ ಹೊತ್ತು ನೋಡಿದರು.

"ಅಜ್ಜಾರ, ಒಂದೀಟೂ ಸವದಿಲ್ಲಲ್ರಿ. ಅಜ್ಜಿ ಇದರಾಗ ರೊಟ್ಟಿ ತಿಂದಂಗ ಕಾಣೂದಿಲ್ಲ."

"ದಿನಾ ತಿಂತಿದ್ಲವ್ವಾ," ಅಂದೆ. ಆದರೆ ನಾನು ಉಂಡೆದ್ದ ಮೇಲೆಯೇ ಅವಳು ಅಡಿಗೆಮನೆಯಲ್ಲಿ ಒಬ್ಬಳೇ ಕೂತು ಉಣ್ಣುವುದು ನಮ್ಮ ಮನೆಯ ರೂಢಿ. ಅವಳು ಉಂಡದ್ದನ್ನು ನಾನು ಕಂಡವನೇ ಅಲ್ಲ. ಕೈಬಳೆ ಮೊಣಕೈತನಕ ಜಾರತೊಡಗಿದಾಗಲೂ ವಯಸ್ಸಾಯಿತು ಅಂದುಕೊಂಡಿದ್ದೆ.

ಡಾಕ್ಟರು ಸೆಟ್ಟಿನ ಒಳಗಿನ ಚೂಪು ಅಂಚನ್ನು ಮುಟ್ಟಿ ತೋರಿಸಿದರು. "ಇದು ಒಸಡಿಗೆ ಚುಚ್ಚಿರಬೇಕ್ರಿ. ಕೇಳಿದಾಗೆಲ್ಲಾ ಭಾಳ ಛಲೋ ಅದಾವವ್ವಾ ಅಂತಿದ್ರು, ನಾನೂ ಹಂಗ ಬರಕೊಂಡೀನ್ರಿ. ಹೇಳಿದ್ರ ಅವತ್ತ ತಿಕ್ಕಿ ಸರಿ ಮಾಡ್ತಿದ್ದೆ."

"ಮಗಳಂಥಾಕಿ ಇಷ್ಟು ಅಕ್ಕರತಿಯಿಂದ ಮಾಡಿಕೊಟ್ಟಾಳ, ಚುಚ್ಚತಾವು ಅಂತ ಹೆಂಗರ ಹೇಳ್ಯಾಳವ್ವಾ ಆಕಿ?" ಅಂದೆ.

ಚಿನ್ಮಯೀ ಕಣ್ಣೊರೆಸಿಕೊಂಡರು.

"ಛಲೋ ಅದಾವ ಅಂತ ಬರಕೊಂಡಿದ್ದು ಹೊಡದಹಾಕು ತಂಗಿ," ಅಂದೆ. "ಮುರಿಗೆವ್ವಗ ನೋಯ್ತಿತ್ತು ಅಂತ ಬರಿ."