ಏಣಿಗೆ ಬಳಿದ ಧೂಳು

"ಧೂಳು ಬಳಿಯೋದನ್ನೂ ಕೈ ಹಿಡಿದು ಕಲಿಸ್ಬೇಕೇನೇ, ದರಿದ್ರದವಳೇ? ಹಳೇದರ ಥರ ಕಾಣ್ಬೇಕು," ಎಂದು ಸೂಪರ್‌ವೈಸರ್ ಏಣಿಯನ್ನು ಕಾಲಿನಿಂದ ಅವಳತ್ತ ತಳ್ಳಿದ.

ಕಸ ಗುಡಿಸುವವಳು ಏಣಿಗೆ ಸುತ್ತಿದ್ದ ಪ್ಲಾಸ್ಟಿಕ್ ಹರಿದಳು. ಗೋದಾಮಿನ ಆಳುಗಳು ಎರಡು ವರ್ಷದಿಂದ ಕೇಳಿ ಕೇಳಿ ಬಾಯಿ ಸೋತಿದ್ದ ಏಣಿ ಇವತ್ತು ಬೆಳಗ್ಗೆ ಬಂದಿತ್ತು. ನಿನ್ನೆ ಮಧ್ಯಾಹ್ನ ಅವಳ ಓರಗಿತ್ತಿ ಬಿದ್ದ ಮೇಲೆ.

ಓರಗಿತ್ತಿಯದು ನಾಲ್ಕನೇ ಅಟ್ಟದಿಂದ ಪೆಟ್ಟಿಗೆ ಇಳಿಸುವ ಕೆಲಸ. ಫೋರ್ಕ್‌ಲಿಫ್ಟಿನ ಎರಡು ಕಬ್ಬಿಣದ ತೋಳುಗಳ ಮೇಲೊಂದು ಮರದ ಹಲಗೆ, ಹಲಗೆಯ ಮೇಲೆ ಅವಳು. ದಿನಕ್ಕೆ ನಲವತ್ತು ಸಲ ಹಾಗೇ ಮೇಲೇರುತ್ತಿದ್ದಳು. ನಿನ್ನೆ ಹಲಗೆ ಒಂದು ಗೇಣು ಜರುಗಿತು. ಈಗ ಸೊಂಟದಿಂದ ಕೆಳಗೆ ಚಿವುಟಿದರೂ ಗೊತ್ತಾಗುತ್ತಿಲ್ಲ. ಬೆಳಗ್ಗೆ ಆಸ್ಪತ್ರೆಯಲ್ಲಿ, "ನನ್ ಕಾಲು ಎಲ್ಲಿಟ್ಟಿದಾರೆ ನೋಡೇ," ಎಂದು ಕೇಳಿದ್ದಳು.

"ತನಿಖೆಗೆ ಬರೋ ಸಾಹೇಬ್ರು ಕೇಳಿದ್ರೆ ಏನಂತೀಯ?" ಎಂದ ಸೂಪರ್‌ವೈಸರ್.

"ಏಣಿಯಿಂದ ಬಿದ್ಲು."

"ಯಾಕೆ ಬಿದ್ಲು?"

ಅವಳು ಬಟ್ಟೆಯಿಂದ ಏಣಿಗೆ ಧೂಳು ಉಜ್ಜುತ್ತಲೇ ಇದ್ದಳು.

"ಮೊಬೈಲ್ ನೋಡ್ತಾ ಹತ್ತಿದ್ಲು. ಬಾಯಿಪಾಠ ಮಾಡ್ಕೋ. ಇಲ್ಲಾಂದ್ರೆ ನಾಳೆಯಿಂದ ಗೇಟೊಳಗೆ ಕಾಲಿಡ್ಬೇಡ."

ತನಿಖೆಯ ಅಧಿಕಾರಿ ಊಟ ಮುಗಿಸಿಕೊಂಡೇ ಬಂದ. ಏಣಿಯನ್ನು ಪೆನ್ನಿನಿಂದ ತಟ್ಟಿ ನೋಡಿದ.

"ಇದೇನಾ?"

"ಇದೇ ಸಾರ್. ಹಳೇದು, ಆದ್ರೆ ಗಟ್ಟಿ. ಅವಳು ಮೊಬೈಲ್ ನೋಡ್ತಾ..."

"ಈ ಹೆಂಗಸರಿಗೆ ಅದೊಂದು ಚಟ," ಎಂದು ಅಧಿಕಾರಿ ಬರೆದುಕೊಳ್ಳತೊಡಗಿದ.

"ಏಣಿ ಇವತ್ತು ಬಂದಿದ್ದು ಸಾರ್," ಎಂದಳು ಕಸ ಗುಡಿಸುವವಳು. "ಧೂಳು ಬಳಿದಿದ್ದು ನಾನೇ."

"ಇವಳಿಗೆ ತಲೆ ಕೆಟ್ಟಿದೆ ಸಾರ್."

"ಅವಳು ಬಿದ್ದಿದ್ದನ್ನ ನೀನು ಕಣ್ಣಾರೆ ನೋಡಿದ್ಯಾ?" ಅಧಿಕಾರಿ ತಲೆ ಎತ್ತಲಿಲ್ಲ. "ಇಲ್ಲ ತಾನೇ? ಮತ್ತೆ ಬಾಯಿ ಮುಚ್ಕೊಂಡಿರು."

ಅವಳು ಕೈಯಲ್ಲಿದ್ದ ಬಟ್ಟೆ ಬಿಸಾಡಿ ನೇರ ಫೋರ್ಕ್‌ಲಿಫ್ಟಿನ ಹತ್ತಿರ ಹೋಗಿ ಹಲಗೆಯ ಮೇಲೆ ನಿಂತಳು.

"ಎತ್ತಣ್ಣ."

ನಿನ್ನೆ ಓರಗಿತ್ತಿಯನ್ನು ಎತ್ತಿದ್ದ ಡ್ರೈವರ್ ಸೀಟಿನಲ್ಲೇ ಮುದುರಿದ. "ಬೇಡ ತಾಯಿ. ನಿನ್ನೆಯಿಂದ ನಾನು ಕೀ ಮುಟ್ಟಿಲ್ಲ."

"ನಿನ್ನೆ ಎತ್ತಿದ ಹಾಗೇ ಎತ್ತು. ಸಾಹೇಬ್ರು ನೋಡ್ಲಿ."

"ಕೀ ಮುಟ್ಟಿದ್ರೆ ಕೈ ಮುರೀತೀನಿ, ಬೋಳಿಮಗನೇ," ಎಂದು ಸೂಪರ್‌ವೈಸರ್ ಮುಂದೆ ಬಂದ.

ಡ್ರೈವರ್ ಅವನನ್ನೇ ನೋಡುತ್ತ ಕೀ ತಿರುಗಿಸಿದ.

ಮೊದಲನೇ ಅಟ್ಟ ದಾಟಿತು, ಎರಡನೆಯದು, ಮೂರನೆಯದು. ಹಲಗೆ ಕಿರುಗುಟ್ಟಿ ಓಲಾಡಿತು. ಅವಳು ಪಾದಗಳನ್ನು ಅಗಲಿಸಿ ಹಲಗೆಗೆ ಊರಿದಳು. ಪೆಟ್ಟಿಗೆ ಹೊರುತ್ತಿದ್ದವರೆಲ್ಲ ಪೆಟ್ಟಿಗೆ ಇಳಿಸಿ ಮೇಲೆ ನೋಡಿದರು. ನಾಲ್ಕನೇ ಅಟ್ಟದ ಮಟ್ಟದಲ್ಲಿ ಯಂತ್ರ ಒಮ್ಮೆ ಜಗ್ಗಿ ನಿಂತಿತು.

ಅವಳು ಎರಡೂ ಕೈಗಳನ್ನು ಬರಿದೇ ಗಾಳಿಯಲ್ಲಿ ಚಾಚಿದಳು.

"ಬರ್ಕೊಳ್ಳಿ ಸಾರ್," ಎಂದಳು. "ನಾನೀಗ ಏನು ಹಿಡ್ಕೊಂಡು ನಿಂತಿದೀನಿ, ನೋಡಿ ಬರ್ಕೊಳ್ಳಿ."